ಬಸಿರು ಮತ್ತು ಎರವಲು ಉಸಿರು

ಘಣಸೋಲಿಯಲ್ಲಿ ಯಾವ ಸೆಕ್ಟರಿನಲ್ಲಿ ನಿಂತು ತಲೆಯೆತ್ತಿದರೂ ಬಾಲ್ಕನಿಗಳಿಗೆ ಬಲೆ ಬಿಗಿದಿರುವುದು ಕಾಣುತ್ತದೆ. ಬಟ್ಟೆ ಒಣಗಿಸುವ ಹಗ್ಗ, ತುಳಸಿಯ ಕುಂಡ, ಅದರಾಚೆಗೆ ಪಾರಿವಾಳ ಬಾರದಿರಲೆಂದು ಕಟ್ಟಿದ ನೈಲಾನ್ ಬಲೆ. ಠಾಣೆ–ವಾಶಿ ರೈಲುಮಾರ್ಗದಲ್ಲಿ ರಬಾಳೆಗೂ ಕೋಪರ್‌ಖೈರಣೆಗೂ ನಡುವೆ ಇರುವ ಈ ಊರು ಮೊದಲು ಆಗ್ರಿ-ಕೋಳಿ ಜನರ ಹಳ್ಳಿ. ನವಿ ಮುಂಬಯಿ ಬೆಳೆದಂತೆ ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಬಂದ ನಮ್ಮವರು ಇಲ್ಲಿ ನೆಲೆಯೂರಿದರು. ಸಂಜೆ ಹೊತ್ತು ಲಿಫ್ಟಿನಲ್ಲಿ ಮರಾಠಿಯ ನಡುವೆ ತುಳುವೂ ಕನ್ನಡವೂ ಕಿವಿಗೆ ಬೀಳುತ್ತವೆ.

ಈ ಮನೆಗಳಲ್ಲಿ ಬಯಕೆಯ ಊಟ ನಡೆಯುವಾಗ, ಬಸುರಿಯನ್ನು ಕೂರಿಸಿ ಮಡಿಲು ತುಂಬುವಾಗ, ಯಾರಾದರೊಬ್ಬರು ರಕ್ತದ ಗುಂಪಿನ ಮಾತು ತೆಗೆಯುವುದುಂಟು. ತಾಯಿಯದು ಓ, ತಂದೆಯದು ಬಿ. ಮಗು ತಂದೆಯನ್ನೇ ಹೋತು ಬಿ ಆಗಬಹುದು. ಅದೇ ತಾಯಿಗೆ ತಪ್ಪಿ ಒಂದು ಬಾಟಲಿ ಬಿ ಗುಂಪಿನ ರಕ್ತ ಹಾಕಿದರೆ ಪ್ರಾಣಕ್ಕೇ ಸಂಚಕಾರ. ಹಾಗಿದ್ದ ಮೇಲೆ ಬಿ ಗುಂಪಿನ ಇಡೀ ಮಗು ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಹೇಗೆ ಹಾಯಾಗಿರುತ್ತದೆ?

ನಾವೆಲ್ಲ ಅರ್ಧ ಬಲ್ಲ ಒಗಟು ಇದು. ಈ ಅಧ್ಯಾಯದಲ್ಲಿ ಅದನ್ನು ಇನ್ನೂ ಬಿಗಿಯಾದ ಒಂದು ಸಂದರ್ಭದಲ್ಲಿ ಇಟ್ಟು ನೋಡೋಣ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಕಾಯಿಲೆಯಿಂದ ಅವಳ ಶ್ವಾಸಕೋಶ ಗಟ್ಟಿಯಾಗಿ ಹೋಗಿತ್ತು. ಯಾರದೋ ಮನೆಯವರು ದುಃಖದ ನಡುವೆಯೂ ಒಪ್ಪಿಗೆ ಕೊಟ್ಟಿದ್ದರಿಂದ, ಮಿದುಳು ಸತ್ತ ಒಬ್ಬರ ಶ್ವಾಸಕೋಶ ಇವಳಿಗೆ ಬಂತು. ಈಗ ಮೆಟ್ಟಿಲು ಹತ್ತುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನ ಡಾಕ್ಟರ ಮುಂದೆ ಕೂತು, ‘ನನಗೆ ಮಗು ಬೇಕು, ಆಗುತ್ತದೆಯೇ?’ ಎಂದು ಕೇಳುತ್ತಾಳೆ. ಆಗ ಅವಳ ಒಂದೇ ಮೈಯಲ್ಲಿ ಎರಡು ಅನ್ಯ ಜೀವಕೋಶಗಳ ಗುಂಪು ಇರುತ್ತದೆ: ಎದೆಯಲ್ಲಿ ದಾನಿಯದು, ಒಡಲಲ್ಲಿ ಮಗುವಿನದು. ಒಂದನ್ನು ಸಹಿಸುವ ಮೈ ಇನ್ನೊಂದನ್ನೂ ಸಹಿಸುತ್ತದೆಯೇ?

ಗುರುತುಚೀಟಿ

ಕಸಿ ಎಂಬ ಮಾತು ನಮಗೆ ತೋಟದಿಂದ ಬಂದದ್ದು. ಕಾಟುಮಾವಿನ ಬುಡಕ್ಕೆ ಆಪೂಸಿನ ಕುಡಿಯನ್ನು ಸೇರಿಸಿ ಬಾಳೆನಾರು ಸುತ್ತಿ ಬಿಟ್ಟರೆ ಎರಡೂ ಬೆಸೆಯುತ್ತವೆ. ಗಿಡದೊಳಗೆ ಓಡಾಡಿ ‘ನೀನು ಯಾರು’ ಎಂದು ಕೇಳುವ ಜೀವಕೋಶಗಳಿಲ್ಲ. ನಮ್ಮ ಮೈಯಲ್ಲಿವೆ. ರಕ್ತದ ಬಿಳಿಕಣಗಳಲ್ಲಿ ಟಿ ಕಣ ಎಂಬ ಒಂದು ಜಾತಿ ಹಗಲಿರುಳೂ ಗಸ್ತು ತಿರುಗುತ್ತಿರುತ್ತದೆ. ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ತನ್ನ ಹೊರಮೈ ಮೇಲೆ ಒಂದಿಷ್ಟು ಪ್ರೋಟೀನುಗಳನ್ನು ಮೆಡಲಿನಂತೆ ಸಿಕ್ಕಿಸಿಕೊಂಡಿರುತ್ತದೆ. ವೈದ್ಯರು ಇದಕ್ಕೆ ಎಚ್‌ಎಲ್‌ಎ ಎನ್ನುತ್ತಾರೆ; ನಾವು ಗುರುತುಚೀಟಿ ಎನ್ನೋಣ. ಅದರ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಇಡೀ ಚೀಟಿ ತದ್ವತ್ತಾಗಿ ಹೊಂದುವುದು ತದ್ರೂಪಿ ಅವಳಿಗಳಲ್ಲಿ, ಕೆಲವೊಮ್ಮೆ ಒಡಹುಟ್ಟಿದವರಲ್ಲಿ.

ಚೀಟಿ ಹೊಂದದ ಜೀವಕೋಶ ಕಂಡರೆ ಟಿ ಕಣ ಅದನ್ನು ಕೊಲ್ಲಲು ಹೋಗುತ್ತದೆ, ಜೊತೆಗೆ ಪ್ರತಿಕಾಯಗಳನ್ನು ತಯಾರಿಸಲು ಬೇರೆ ಕಣಗಳನ್ನು ಎಬ್ಬಿಸುತ್ತದೆ. ಕಸಿ ಮಾಡಿದ ಅಂಗದ ಮೇಲೆ ಹೀಗೆ ನಡೆಯುವ ದಾಳಿಗೆ ರಿಜೆಕ್ಷನ್ ಎಂದು ಹೆಸರು. ನಾವು ತಿರಸ್ಕಾರ ಎನ್ನುತ್ತೇವೆ. ತಿರಸ್ಕಾರದಲ್ಲಿ ಹಗೆಯೇನೂ ಇಲ್ಲ. ಸೊಸೈಟಿಯ ಗೇಟಿನಲ್ಲಿ ಕೂತ ವಾಚ್‌ಮನ್ ರಿಜಿಸ್ಟರಿನಲ್ಲಿ ಹೆಸರಿಲ್ಲದವನನ್ನು ತಡೆದ ಹಾಗೆ, ಮೈ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿರುತ್ತದೆ ಅಷ್ಟೆ.

ಈ ವಾಚ್‌ಮನ್‌ಗೆ ಮಂಪರು ಬರಿಸುವ ಮದ್ದುಗಳು ಸಿಕ್ಕಿದ್ದರಿಂದಲೇ ಶ್ವಾಸಕೋಶದ ಕಸಿ ಸಾಧ್ಯವಾಯಿತು. 1963ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಹಾರ್ಡಿ ಎಂಬ ಶಸ್ತ್ರವೈದ್ಯರು ಮನುಷ್ಯನಿಗೆ ಮೊದಲ ಸಲ ಶ್ವಾಸಕೋಶ ಕಸಿ ಮಾಡಿದಾಗ ರೋಗಿ ಬದುಕಿದ್ದು 18 ದಿನ. ಆಮೇಲೆ ಇಪ್ಪತ್ತು ವರ್ಷ ಯಾರ ಪ್ರಯತ್ನವೂ ಹೆಚ್ಚು ಕಾಲ ಫಲ ಕೊಡಲಿಲ್ಲ. 1983ರಲ್ಲಿ ಟೊರಾಂಟೊದ ಜೋಯಲ್ ಕೂಪರ್ ತಂಡ ಗೆದ್ದಿತು. ಆ ಹೊತ್ತಿಗೆ ಸೈಕ್ಲೊಸ್ಪೊರಿನ್ ಕೈಗೆ ಬಂದಿತ್ತು. ನಾರ್ವೆಯ ಒಂದು ಬೆಟ್ಟದ ಬಯಲಿನ ಮಣ್ಣಿನಲ್ಲಿದ್ದ ಬೂಸ್ಟಿನಿಂದ ತೆಗೆದ ಮದ್ದು ಅದು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಟ್ಯಾಕ್ರೊಲಿಮಸ್ ಸಿಕ್ಕಿತು. ಇಂದು ಅಂಗ ಕಸಿಯಾದವರಲ್ಲಿ ಬಹುಪಾಲು ಜನ ದಿನಕ್ಕೆರಡು ಬಾರಿ ನುಂಗುವುದು ಇದನ್ನೇ. ಹಿಡಿಮಣ್ಣಿಗೆ ಇಷ್ಟು ಋಣಿಯಾದ ವೈದ್ಯಶಾಖೆ ಇನ್ನೊಂದಿದೆಯೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಬಾಗಿಲು ಹಾಕದ ಮನೆ

ಮೂತ್ರಪಿಂಡ, ಯಕೃತ್ತು, ಹೃದಯ ಇವೆಲ್ಲ ಒಳಮನೆಯ ಅಂಗಗಳು. ಹೊರಗಿನ ಗಾಳಿ ಅವುಗಳಿಗೆ ಸೋಕುವುದಿಲ್ಲ. ಶ್ವಾಸಕೋಶ ಹಾಗಲ್ಲ, ಅದು ಬೀದಿಗೆ ತೆರೆದ ಜಗಲಿ. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಅದರೊಳಗೆ ಹೋಗಿ ಬರುತ್ತದೆ. ಅದರ ಪುಟ್ಟ ಗಾಳಿಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಎಂದರೆ 750 ಚದರ ಅಡಿ ಆಗುತ್ತದೆ. ಎರಡು ಮಲಗುವ ಕೋಣೆಯ ಒಂದು ಫ್ಲಾಟಿನ ನೆಲದಷ್ಟು. ಆ ನೆಲದ ತುಂಬ ಧೂಳು, ಹೊಗೆ, ಪರಾಗ, ವೈರಸ್ಸು ಬಂದು ಕೂರುತ್ತವೆ. ಅಲ್ಲಿ ಕಾವಲು ಕಣಗಳ ದಟ್ಟಣೆಯೂ ಹೆಚ್ಚು, ಸಣ್ಣ ಸೋಂಕಿಗೂ ಎಚ್ಚರದ ಗಂಟೆ ಬಾರಿಸುತ್ತದೆ. ಗಂಟೆ ಕೇಳಿ ಓಡಿಬಂದ ಪಡೆಗೆ ವೈರಸ್ಸಿನ ಜೊತೆ ದಾನಿಯ ಗುರುತುಚೀಟಿಯೂ ಕಣ್ಣಿಗೆ ಬೀಳುತ್ತದೆ. ನೆಗಡಿ ಎದೆಗಿಳಿದ ಬೆನ್ನಿಗೇ ತಿರಸ್ಕಾರ ಶುರುವಾಗುವುದು ಹೀಗೆ.

ಕಾವಲಿನ ಅತಿಶ್ರದ್ಧೆ ಏನು ಮಾಡಬಲ್ಲದೆಂದು ಪಾರಿವಾಳದ ಬಲೆಯೇ ಹೇಳುತ್ತದೆ. ಪಾರಿವಾಳದ ಹಿಕ್ಕೆ ಮತ್ತು ಗರಿಯ ಧೂಳಿನಲ್ಲಿರುವ ಪ್ರೋಟೀನು ಸ್ವತಃ ವಿಷವಲ್ಲ. ಆದರೆ ಕೆಲವರ ಕಾವಲುಪಡೆ ಅದನ್ನು ಶತ್ರುವೆಂದು ಬಗೆದು ವರ್ಷಗಟ್ಟಲೆ ಹೋರಾಡುತ್ತದೆ, ಹೋರಾಡಿದ ಜಾಗವೆಲ್ಲ ಕಲೆಗಟ್ಟಿ ಶ್ವಾಸಕೋಶ ಒಣಗಿದ ಸೋರೆಬುರುಡೆಯಂತೆ ಬಿರುಸಾಗುತ್ತದೆ. ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಭಾರತದ 27 ಆಸ್ಪತ್ರೆಗಳ 1,084 ರೋಗಿಗಳ ದಾಖಲೆ 2017ರಲ್ಲಿ ಪ್ರಕಟವಾಯಿತು. ಶ್ವಾಸಕೋಶ ಗಟ್ಟಿಯಾಗುವ ಬಗೆಬಗೆಯ ಕಾಯಿಲೆಯವರಲ್ಲಿ ಶೇಕಡಾ 47ರಷ್ಟು ಮಂದಿಗೆ ಇದ್ದದ್ದು ಇದೇ. ಏರ್‌ಕೂಲರ್, ಬೂಸ್ಟು, ಹಕ್ಕಿಗಳು ಕಾರಣಗಳ ಪಟ್ಟಿಯಲ್ಲಿದ್ದವು. 2025ರಲ್ಲಿ ಮುಂಬಯಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನೆಗಳನ್ನು ಮುಚ್ಚುವ ವಿವಾದ ಹೈಕೋರ್ಟಿನವರೆಗೆ ಹೋದದ್ದೂ ಇದೇ ಭಯದಿಂದ. ಕೊನೆಯ ಹಂತ ಮುಟ್ಟಿದವರಿಗೆ ಉಳಿಯುವ ದಾರಿ ಕಸಿಯೊಂದೇ.

ಕಸಿಯಾದ ಮೇಲೂ ದಾರಿ ಉದ್ದವಿದೆ. ಶ್ವಾಸಕೋಶ ಕಸಿಯಾದವರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷದೊಳಗೆ ಸಣ್ಣ ಗಾಳಿನಾಳಗಳು ಮೆಲ್ಲಗೆ ಕಲೆಗಟ್ಟಿ ಮುಚ್ಚುವ ದೀರ್ಘಕಾಲದ ತಿರಸ್ಕಾರ ಕಾಣಿಸಿಕೊಳ್ಳುತ್ತದೆ. ಎಲ್ಲರ ಆಯುಸ್ಸನ್ನೂ ಸಾಲಾಗಿಟ್ಟರೆ ನಡುವಿನ ಲೆಕ್ಕ ಆರೇಳು ವರ್ಷಕ್ಕೆ ಬರುತ್ತದೆ. ಇಪ್ಪತ್ತು ವರ್ಷ ದಾಟಿದವರೂ ಇದ್ದಾರೆ. ಆದರೂ ಮಗುವಿನ ಮಾತು ಬಂದಾಗ ಈ ಅಂಕಿಯನ್ನು ಮುಚ್ಚಿಟ್ಟು ಮಾತಾಡುವುದು ತಪ್ಪು.

ಮೆಡಾವರ್ ಎತ್ತಿದ ಪ್ರಶ್ನೆ

ಎರಡನೇ ಮಹಾಯುದ್ಧದ ಕಾಲಕ್ಕೆ ಸುಟ್ಟಗಾಯದವರಿಗೆ ಇನ್ನೊಬ್ಬರ ಚರ್ಮ ಅಂಟಿಸಿದರೆ ಯಾಕೆ ಉದುರಿಹೋಗುತ್ತದೆಂದು ತಿಳಿಯಲು ಹೊರಟವರು ಪೀಟರ್ ಮೆಡಾವರ್. ಬ್ರೆಜಿಲಿನಲ್ಲಿ ಹುಟ್ಟಿದ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ. ತಿರಸ್ಕಾರ ಕಾವಲುಪಡೆಯ ಕೆಲಸವೆಂದು ತೋರಿಸಿಕೊಟ್ಟವರೇ ಅವರು. 1960ರಲ್ಲಿ ಅವರಿಗೆ ನೊಬೆಲ್ ಬಂತು. 1953ರಲ್ಲಿ ಅವರು ನಮ್ಮ ಬಯಕೆಯೂಟದ ಪ್ರಶ್ನೆಯನ್ನೇ ವಿಜ್ಞಾನದ ಮುಂದಿಟ್ಟರು. ಅರ್ಧ ತಂದೆಯದಾದ ಮಗು ತಾಯಿಯ ಪಾಲಿಗೆ ಅನ್ಯ ಅಂಗವೇ ತಾನೆ, ಅದು ಹೇಗೆ ಉಳಿಯುತ್ತದೆ?

ಮೂರು ಉತ್ತರಗಳನ್ನು ಅವರು ಊಹಿಸಿದರು. ತಾಯಿ-ಮಗುವಿನ ನಡುವೆ ಗೋಡೆ ಇರಬಹುದು. ಮಗುವಿನ ಗುರುತುಚೀಟಿ ಇನ್ನೂ ಅಚ್ಚಾಗಿಲ್ಲದಿರಬಹುದು. ಅಥವಾ ಬಸುರಿಯಾದಾಗ ತಾಯಿಯ ಕಾವಲುಪಡೆಯೇ ಮಂಕಾಗಬಹುದು.

ಎರಡನೆಯದು ಬಲುಬೇಗ ಬಿತ್ತು, ಭ್ರೂಣದ ಜೀವಕೋಶಗಳಲ್ಲಿ ಚೀಟಿ ಇದೆ. ನಮ್ಮ ಕಥೆಗೆ ಬೇಕಾದದ್ದು ಮೂರನೆಯದು. ‘ಬಸಿರಿನಲ್ಲಿ ಮೈ ಮೆತ್ತಗಾಗುತ್ತದೆ, ಹಾಗಾಗಿ ಕಸಿಯಾದ ಅಂಗಕ್ಕೂ ಒಳ್ಳೆಯದೇ’ ಎಂಬ ನಂಬಿಕೆ ಹುಟ್ಟುವುದು ಇದರಿಂದ. ಬಸುರಿ ಪ್ರಾಣಿಗಳ ಮೇಲೆ ಬೇರೆ ಪ್ರಾಣಿಯ ಚರ್ಮ ಅಂಟಿಸಿ ನೋಡಿದರು. ಗರ್ಭದಲ್ಲಿ ಮರಿ ಸುಖವಾಗಿ ಬೆಳೆಯುತ್ತಿದ್ದರೂ ಬೆನ್ನಿನ ಮೇಲಿನ ಚರ್ಮ ಉದುರಿತು. ಬಸುರಿಯ ಕಾವಲುಪಡೆ ಎಚ್ಚರವಾಗಿಯೇ ಇತ್ತು. ಮರಿಯನ್ನು ಮಾತ್ರ ಬಿಟ್ಟಿತ್ತು.

ಹೊಲಿಗೆಯಿಲ್ಲದ ಬಟ್ಟೆ

ಗುಟ್ಟಿರುವುದು ಮಾಸಿನಲ್ಲಿ. ಹೆರಿಗೆಯ ಕೊನೆಗೆ ಬಂದು ಬೀಳುವ, ನಾವು ಅಂಗಳದಲ್ಲಿ ಹೂತು ಮರೆತುಬಿಡುವ ಆ ಮಾಸು ತಾಯಿಯದೆಂದೇ ಬಹಳ ಜನ ತಿಳಿದಿದ್ದಾರೆ. ಅದರ ಬಹುಭಾಗ ಮಗುವಿನದು. ತಾಯಿಯ ರಕ್ತಕ್ಕೆ ನೇರವಾಗಿ ತಾಗುವುದು ಮಾಸಿನ ಹೊರಪೊರೆ. ಈ ಪೊರೆಯಲ್ಲಿ ಸೋಜಿಗದ ಸಂಗತಿಯೊಂದಿದೆ. ಅಕ್ಕಪಕ್ಕದ ಜೀವಕೋಶಗಳೆಲ್ಲ ಗೋಡೆ ಕೆಡವಿ ಒಂದಾಗಿ, ಇಡೀ ಪೊರೆಯೇ ಒಂದೇ ಒಂದು ಬೃಹತ್ ಜೀವಕೋಶವಾಗಿರುತ್ತದೆ. ಎಲ್ಲಿಯೂ ಹೊಲಿಗೆಯಿಲ್ಲದ ಬಟ್ಟೆಯ ಹಾಗೆ. ಟಿ ಕಣಗಳು ಮೈಯೊಳಗೆ ನುಸುಳುವುದು ಜೀವಕೋಶಗಳ ನಡುವಿನ ಸಂದಿಯಲ್ಲಿ. ಇಲ್ಲಿ ಸಂದಿಯೇ ಇಲ್ಲ.

ಜೀವಕೋಶಗಳನ್ನು ಹೀಗೆ ಬೆಸೆಯುವ ಪ್ರೋಟೀನಿನ ಹೆಸರು ಸಿನ್ಸಿಟಿನ್. ಅದರ ವಂಶವಾಹಿ ಮೂಲತಃ ನಮ್ಮದಲ್ಲ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರಿಗೆ ಅಂಟಿದ ಒಂದು ವೈರಸ್ಸಿನದು ಎಂದು 2000ದಲ್ಲಿ ಗೊತ್ತಾಯಿತು. ಜೀವಕೋಶದೊಳಗೆ ನುಗ್ಗಲು ವೈರಸ್ಸು ಬಳಸುತ್ತಿದ್ದ ಕೀಲಿಯೇ ಇಂದು ನಮ್ಮ ಮಕ್ಕಳನ್ನು ಕಾಯುವ ಪೊರೆ ನೇಯುತ್ತಿದೆ. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಪೊರೆಯ ಮೇಲೆ ಸಾಮಾನ್ಯ ಗುರುತುಚೀಟಿಗಳೂ ಇಲ್ಲ. ಗರ್ಭದ ಗೋಡೆಯೊಳಕ್ಕೆ ಇಳಿಯುವ ಮಾಸಿನ ಕಣಗಳು ಎಚ್‌ಎಲ್‌ಎ-ಜಿ ಎಂಬ ಅಪರೂಪದ ಚೀಟಿ ಹಿಡಿದಿರುತ್ತವೆ. ಅದು ‘ಶಾಂತಿ’ ಎನ್ನುವ ಬಿಳಿ ಬಾವುಟ. ಆ ಜಾಗದಲ್ಲಿರುವ ತಾಯಿಯ ಕಾವಲು ಕಣಗಳು ಬಾವುಟ ಕಂಡು ಆಯುಧ ಕೆಳಗಿಟ್ಟು, ಬದಲಿಗೆ ರಕ್ತನಾಳಗಳನ್ನು ಅಗಲ ಮಾಡಿಕೊಡುತ್ತವೆ. ಸಾಲದ್ದಕ್ಕೆ, ಮಿಕ್ಕ ಟಿ ಕಣಗಳನ್ನು ‘ಬಿಡು, ಅದು ನಮ್ಮದೇ’ ಎಂದು ತಡೆಯುವ ಸಮಾಧಾನದ ಕಣಗಳು ಅಲ್ಲಿ ಗುಂಪುಗೂಡುತ್ತವೆ. ಈ ಕಣಗಳನ್ನು ಗುರುತಿಸಿ ಅವುಗಳ ವಂಶವಾಹಿಯನ್ನು ಬಿಡಿಸಿಟ್ಟದ್ದಕ್ಕಾಗಿಯೇ ಶಿಮೋನ್ ಸಕಾಗುಚಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ದೊರೆತದ್ದು.

ಒಪ್ಪಂದ ಯಾವ ವಿಳಾಸಕ್ಕೆ?

ಇಲ್ಲಿ ನಿಧಾನವಾಗಿ ಓದಿ, ಅಧ್ಯಾಯದ ತಿರುಳು ಇದೇ. ಗರ್ಭ ಮಾಡಿಕೊಂಡ ಒಪ್ಪಂದಕ್ಕೆ ಎರಡು ಷರತ್ತುಗಳಿವೆ. ಒಂದು ಜಾಗದ್ದು: ಹೊಲಿಗೆಯಿಲ್ಲದ ಪೊರೆ, ಬಿಳಿ ಬಾವುಟ, ಆಯುಧ ಕೆಳಗಿಟ್ಟ ಕಣಗಳು ಎಲ್ಲವೂ ಗರ್ಭಕೋಶದ ನಾಲ್ಕು ಗೋಡೆಯೊಳಗೆ. ಇನ್ನೊಂದು ಹೆಸರಿನದು: ಸಮಾಧಾನದ ಕಣಗಳಲ್ಲಿ ಹಲವು ಮಗುವಿನ ತಂದೆಯ ಚೀಟಿಯನ್ನು ಕಲಿತು ತಯಾರಾದವು. ಇಲಿಗಳಲ್ಲಿ ಈ ನೆನಪು ಮುಂದಿನ ಬಸಿರಿನವರೆಗೂ ಉಳಿಯುತ್ತದೆಂದು ತೋರಿದೆ.

ಎದೆಯಲ್ಲಿರುವ ಶ್ವಾಸಕೋಶದ ವಿಳಾಸವೂ ಬೇರೆ, ಹೆಸರೂ ಬೇರೆ. ಅದು ಮೂರನೆಯವರದು. ಗರ್ಭದ ಮಾಫಿ ಅದಕ್ಕೆ ಅನ್ವಯಿಸುವುದಿಲ್ಲ. ಅದನ್ನು ಕಾಯುತ್ತಿರುವುದು ಮಾತ್ರೆಯೊಂದೇ.

ಇತಿಹಾಸದಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ಸಾಕ್ಷಿಯಿದೆ. ಅಮೆರಿಕದ ಈಡಿತ್ ಹೆಲ್ಮ್ 1956ರಲ್ಲಿ ತನ್ನ ತದ್ರೂಪಿ ಅವಳಿ ಸೋದರಿಯ ಮೂತ್ರಪಿಂಡ ಪಡೆದರು. ಶಸ್ತ್ರಚಿಕಿತ್ಸೆ ಜೋಸೆಫ್ ಮರ್ರಿ ಅವರದು. 1958ರಲ್ಲಿ ಆಕೆ ಗಂಡುಮಗು ಹೆತ್ತರು. ಅಂಗ ಕಸಿಯಾದ ತಾಯಿಯೊಬ್ಬಳು ಹೆತ್ತ ಮೊದಲ ಮಗು ಅದು. ಅವಳಿಯ ಅಂಗವಾದ್ದರಿಂದ ಚೀಟಿ ಒಂದೇ, ತಿರಸ್ಕಾರದ ಮಾತೇ ಇರಲಿಲ್ಲ. ಎರವಲು ಅಂಗ ಬಸಿರಿನ ಹೊರೆಯನ್ನು ಹೊರಬಲ್ಲದು ಎಂದಷ್ಟೇ ಅದು ತೋರಿಸಿತು.

ನಮ್ಮ ಪಕ್ಕದ ಪುಣೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. 2017ರ ಮೇ ತಿಂಗಳಲ್ಲಿ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ತಂಡ ತಾಯಿಯ ಗರ್ಭಕೋಶವನ್ನು ಮಗಳಿಗೆ ಕಸಿ ಮಾಡಿತು, 2018ರ ಅಕ್ಟೋಬರಿನಲ್ಲಿ ಆ ಗರ್ಭಕೋಶದಿಂದ ಹೆಣ್ಣುಮಗು ಹುಟ್ಟಿತು. ಭಾರತದಲ್ಲಿ ಅದೇ ಮೊದಲು. ಗರ್ಭಕೋಶದ ಕಸಿಯಲ್ಲಿ ಒಂದು ಅನುಕೂಲವುಂಟು: ಒಂದೆರಡು ಮಕ್ಕಳಾದ ಮೇಲೆ ಅದನ್ನು ತೆಗೆದುಹಾಕಿ ಮಾತ್ರೆ ನಿಲ್ಲಿಸಬಹುದು. ಶ್ವಾಸಕೋಶವನ್ನು ಹಾಗೆ ಹಿಂದಿರುಗಿಸುವಂತಿಲ್ಲ.

ಸಾರಿಗೆ ನೀರು ಹೊಯ್ದಾಗ

ಮಾತ್ರೆಯೊಂದೇ ಕಾವಲೆಂದ ಮೇಲೆ, ಬಸಿರಿನಲ್ಲಿ ಮಾತ್ರೆಗೆ ಏನಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ನಾಲ್ಕು ಜನಕ್ಕೆಂದು ಹದವಾಗಿ ಉಪ್ಪು ಹಾಕಿ ಸಾರು ಮಾಡಿದ್ದೀರಿ. ಇನ್ನಿಬ್ಬರು ಬಂದರು, ನೀರು ಹೊಯ್ದಿರಿ. ಉಪ್ಪು ಅಷ್ಟೇ ಇದ್ದರೂ ಸಾರು ಸಪ್ಪೆ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಏರುತ್ತದೆ. ಜೊತೆಗೆ ಯಕೃತ್ತು ಟ್ಯಾಕ್ರೊಲಿಮಸನ್ನು ಮೊದಲಿಗಿಂತ ಚುರುಕಾಗಿ ಒಡೆದುಹಾಕುತ್ತದೆ. ಮೊದಲ ಮೂರು ತಿಂಗಳ ವಾಂತಿಯಲ್ಲಿ ನುಂಗಿದ ಮಾತ್ರೆಯೇ ಹೊರಬರಬಹುದು. ಮೊನ್ನೆಯವರೆಗೆ ಸಾಕಾಗುತ್ತಿದ್ದ ಪ್ರಮಾಣ ಇವತ್ತು ಸಾಲದು. ಅದಕ್ಕೇ ಬಸಿರಿನುದ್ದಕ್ಕೂ ಮತ್ತೆ ಮತ್ತೆ ರಕ್ತ ತೆಗೆದು ಮದ್ದಿನ ಮಟ್ಟ ನೋಡಿ ಪ್ರಮಾಣ ಏರಿಸುತ್ತಾರೆ. ಏರಿಸುವುದರಲ್ಲೂ ಹುಷಾರು ಬೇಕು. ಈ ಮದ್ದು ಮೂತ್ರಪಿಂಡಕ್ಕೆ ಕಷ್ಟ ಕೊಡುತ್ತದೆ, ರಕ್ತದೊತ್ತಡ ಏರಿಸುತ್ತದೆ, ಸಕ್ಕರೆ ಕಾಯಿಲೆ ತರಬಹುದು. ಈ ಮೂರೂ ಬಸುರಿಗೆ ತಾವಾಗಿಯೇ ಬರಬಹುದಾದ ತೊಂದರೆಗಳು.

ಬಯಕೆಗೂ ಇಲ್ಲಿ ಒಂದು ಎಚ್ಚರಿಕೆ. ದ್ರಾಕ್ಷಿಹಣ್ಣಿಗೆ ಸಂಬಂಧವಿಲ್ಲದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ತಿಂದರೆ ಟ್ಯಾಕ್ರೊಲಿಮಸ್ ಒಡೆಯುವ ಕಿಣ್ವ ಕಟ್ಟಿಹೋಗಿ ರಕ್ತದಲ್ಲಿ ಮದ್ದು ಒಮ್ಮೆಲೇ ಏರುತ್ತದೆ. ಅದರ ದೊಡ್ಡಣ್ಣ ನಮ್ಮ ಚಕ್ಕೋತ. ಬಸುರಿಗೆ ಹುಳಿ ತಿನ್ನಬೇಕೆನಿಸಿದರೆ ಚಕ್ಕೋತ ಬಿಡಿಸಿ ಕೊಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಇವಳಿಗೆ ಬೇಡ.

ಇನ್ನೊಂದು ಮದ್ದಿನ ಮಾತು ಇನ್ನೂ ಗಂಭೀರ. ತಿರಸ್ಕಾರ ತಡೆಯಲು ಟ್ಯಾಕ್ರೊಲಿಮಸ್ ಜೊತೆ ಸಾಮಾನ್ಯವಾಗಿ ಮೈಕೊಫೆನೊಲೇಟ್ ಎಂಬುದನ್ನೂ ಕೊಡುತ್ತಾರೆ. ಅದು ಬೆಳೆಯುವ ಭ್ರೂಣಕ್ಕೆ ಹಾನಿ ಮಾಡುತ್ತದೆ. ಗರ್ಭಪಾತ ಹೆಚ್ಚು, ಹುಟ್ಟಿದ ಮಕ್ಕಳಲ್ಲಿ ಕಿವಿಯ ಊನ, ಸೀಳುತುಟಿ ಕಂಡಿವೆ. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಆರು ವಾರ ಮುಂಚೆಯೇ ಅದನ್ನು ಬಿಡಿಸಿ ಹಳೆಯ ಮದ್ದಾದ ಅಜಥಯೊಪ್ರಿನ್‌ಗೆ ಬದಲಾಯಿಸಬೇಕು. ಬದಲಿ ಮದ್ದಿನಲ್ಲಿ ಶ್ವಾಸಕೋಶ ನೆಮ್ಮದಿಯಾಗಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ಹಾಗಾಗಿ ಕಸಿಯಾದ ಹೆಣ್ಣುಮಗಳಿಗೆ ಆಕಸ್ಮಿಕ ಬಸಿರು ಬಲು ಅಪಾಯದ್ದು. ಗರ್ಭನಿರೋಧದ ಮಾತನ್ನು ಕಸಿಯ ಮೊದಲ ದಿನವೇ ನೇರವಾಗಿ ಆಡಬೇಕು, ಅತ್ತೆ-ಮಾವ ಪಕ್ಕದಲ್ಲಿದ್ದಾರೆಂದು ನುಂಗಿಕೊಳ್ಳಬಾರದು.

ತಾಯಂದಿರ ರಕ್ತ ಬರೆದಿಟ್ಟ ನೆನಪು

ನೆಗೆಟಿವ್ ಗುಂಪಿನ ತಾಯಿಗೆ ಬಸಿರಿನಲ್ಲೋ ಹೆರಿಗೆಯಾದ ಕೂಡಲೇಯೋ ಒಂದು ಚುಚ್ಚುಮದ್ದು ಕೊಡುವುದನ್ನು ನೀವು ಕೇಳಿರಬಹುದು. ಮಗುವಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರಿ ಅವಳಲ್ಲಿ ಪ್ರತಿಕಾಯ ಹುಟ್ಟದಿರಲೆಂದು ಆ ಚುಚ್ಚುಮದ್ದು. ಪೊರೆ ಎಷ್ಟೇ ಬಿಗಿಯಾದರೂ ಅಲ್ಪಸ್ವಲ್ಪ ಸೋರಿಕೆ ಇದ್ದೇ ಇದೆ. ಗಂಡುಮಗು ಹೆತ್ತ ತಾಯಿಯ ರಕ್ತದಲ್ಲಿ 27 ವರ್ಷಗಳಾದ ಮೇಲೂ ಮಗನ ಜೀವಕೋಶಗಳು ಸಿಕ್ಕಿದ್ದನ್ನು 1996ರಲ್ಲಿ ಡಯಾನಾ ಬಿಯಾಂಕಿ ತಂಡ ವರದಿ ಮಾಡಿತು.

ಗುರುತುಚೀಟಿಯ ವಿಷಯದಲ್ಲೂ ಹೀಗೆಯೇ. ಗರ್ಭದ ಹೊರಗೆ ಸಿಕ್ಕ ಮಗುವಿನ ಕಣವನ್ನು ತಾಯಿಯ ಪಡೆ ಓದುತ್ತದೆ, ಅದರಲ್ಲಿನ ತಂದೆಯ ಚೀಟಿಗೆ ಪ್ರತಿಕಾಯ ತಯಾರಿಸಿ ನೆನಪಿಟ್ಟುಕೊಳ್ಳುತ್ತದೆ. ಹೊಲಿಗೆಯಿಲ್ಲದ ಪೊರೆಯ ಮೇಲೆ ಆ ಚೀಟಿ ಇಲ್ಲದ್ದರಿಂದ ಮಗುವಿಗೆ ಇದರಿಂದ ಸಾಮಾನ್ಯವಾಗಿ ಕೇಡಿಲ್ಲ. ವಿಜ್ಞಾನಕ್ಕೆ ಗುರುತುಚೀಟಿಗಳನ್ನು ಓದಲು ಕಲಿಸಿದ್ದೂ ಇದೇ ಪ್ರತಿಕಾಯಗಳು. 1958ರಲ್ಲಿ ಹಾಲೆಂಡಿನ ಯಾನ್ ವಾನ್ ರೂಡ್ ಮತ್ತು ಅಮೆರಿಕದ ರೋಸ್ ಪೇನ್ ಬೇರೆ ಬೇರೆಯಾಗಿ ಕೆಲಸ ಮಾಡುತ್ತ, ಮಕ್ಕಳನ್ನು ಹೆತ್ತ ತಾಯಂದಿರ ರಕ್ತದಲ್ಲಿ ಇಂಥ ಪ್ರತಿಕಾಯಗಳಿವೆಯೆಂದು ಕಂಡರು. ಯಾರ ಚೀಟಿ ಯಾವುದೆಂದು ತಾಳೆ ನೋಡಲು ದಶಕಗಳ ಕಾಲ ಪ್ರಯೋಗಾಲಯಗಳು ಬಳಸಿದ್ದು ಈ ತಾಯಂದಿರ ರಕ್ತದ ತಿಳಿಯನ್ನೇ. ಇಂದು ಅಂಗ ಹೊಂದಿಸಿ ಬದುಕಿದವರೆಲ್ಲ ಹೆಸರು ಗೊತ್ತಿಲ್ಲದ ಆ ಬಾಣಂತಿಯರಿಗೆ ಋಣಿಗಳು.

ಆದರೆ ಕಸಿಯಾದ ಹೆಣ್ಣಿಗೆ ಇದೇ ನೆನಪು ಮುಳ್ಳಾಗಬಹುದು. ಅಂಗದಾನಿಯ ಚೀಟಿಯ ಒಂದು ಭಾಗ ಅಕಸ್ಮಾತ್ತಾಗಿ ಗಂಡನ ಚೀಟಿಯನ್ನು ಹೋಲುತ್ತಿದ್ದರೆ, ಮಗುವಿನಿಂದ ಕಲಿತ ಪ್ರತಿಕಾಯ ಶ್ವಾಸಕೋಶಕ್ಕೇ ಬಡಿಯುತ್ತದೆ. ಅದಕ್ಕೇ ಬಸಿರಿಗೆ ಮುಂಚೆ ಗಂಡನ ಚೀಟಿಯನ್ನೂ ದಾನಿಯ ಚೀಟಿಯನ್ನೂ ಹೋಲಿಸಿ ನೋಡುವುದು ಲೇಸು. ಕಸಿಗೆ ಮುಂಚೆಯೇ ಎರಡು-ಮೂರು ಹೆತ್ತವರಲ್ಲಿ ಇಂಥ ಪ್ರತಿಕಾಯಗಳು ಹೆಚ್ಚಿರುವುದರಿಂದ, ಅವರಿಗೆ ಹೊಂದುವ ಅಂಗ ಸಿಗುವುದೇ ತಡ.

ಅಂಗೈಯಗಲದ ಉಪಕರಣ

ಬಸುರಿಗೆ ಏದುಸಿರು ಸಹಜ. ಗರ್ಭ ಬೆಳೆದಂತೆ ವಪೆ ಸುಮಾರು ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತದೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇನ್ನೂ ಆಳವಾಗಿ ಉಸಿರಾಡು ಎಂದು ಮಿದುಳನ್ನು ಚುಚ್ಚುತ್ತದೆ. ‘ಎಲ್ಲರಿಗೂ ಹಾಗೇ ಆಗುತ್ತದೆ, ಮಲಗು’ ಎಂದು ಮನೆಯವರು ಹೇಳುತ್ತಾರೆ. ತಿರಸ್ಕಾರದ ಮೊದಲ ಲಕ್ಷಣವೂ ಏದುಸಿರೇ. ಎರಡನ್ನೂ ಬೇರ್ಪಡಿಸುವುದು ಹೇಗೆ?

ಅಂಗೈಯಗಲದ ಒಂದು ಉಪಕರಣ ಇದಕ್ಕಿದೆ, ಸ್ಪೈರೊಮೀಟರ್. ಬಾಯಿಗೆ ಕೊಳವೆಯಿಟ್ಟು, ಎದೆತುಂಬ ಉಸಿರೆಳೆದು, ದೀಪಾವಳಿಯ ಹಣತೆಗಳ ಸಾಲನ್ನು ಒಂದೇ ಊದಿಗೆ ಆರಿಸುವಷ್ಟು ಬಲವಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಅಂಕಿ ಮೂಡುತ್ತದೆ. ಬಸಿರಿನಲ್ಲಿ ಮೈಯ ಎಷ್ಟೋ ಲೆಕ್ಕಗಳು ಬದಲಾದರೂ ಈ ಒಂದು ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಊದಿ, ಕ್ಯಾಲೆಂಡರಿನಲ್ಲಿ ಬರೆದಿಟ್ಟು, ನಿನ್ನೆಯದರ ಜೊತೆ ಹೋಲಿಸುವುದು ಎರಡು ನಿಮಿಷದ ಕೆಲಸ. ಶೇಕಡಾ 10ರಷ್ಟು ಇಳಿದರೆ ಅದು ಬಸಿರಿನ ಆಯಾಸವಲ್ಲ, ಆಸ್ಪತ್ರೆಗೆ ಫೋನ್ ಮಾಡಬೇಕು.

ಹೊಟ್ಟೆಯ ಹುಳಿಯನ್ನೂ ಹಗುರವಾಗಿ ಕಾಣುವಂತಿಲ್ಲ. ಕಸಿಯ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಗೆ ಹೋಗುವ ನರಕ್ಕೆ ಪೆಟ್ಟಾಗುವುದುಂಟು, ಆಗ ಉಂಡದ್ದು ನಿಧಾನಕ್ಕೆ ಇಳಿಯುತ್ತದೆ, ಹುಳಿ ಮೇಲಕ್ಕೆ ಬರುತ್ತದೆ. ಬಸಿರಿನಲ್ಲಿ ಅದು ಇಮ್ಮಡಿ. ನಿದ್ದೆಯಲ್ಲಿ ಗಂಟಲಿಗೆ ಬಂದ ಹುಳಿ ಹನಿಹನಿಯಾಗಿ ಗಾಳಿನಾಳಕ್ಕೆ ಇಳಿದರೆ, ಸಣ್ಣ ನಾಳಗಳು ಕಲೆಗಟ್ಟುವ ಆ ದೀರ್ಘ ತಿರಸ್ಕಾರಕ್ಕೆ ಕುಮ್ಮಕ್ಕು ಸಿಗುತ್ತದೆ.

ಹೆರಿಗೆಯಾದ ಮೇಲೆ

ಮಗು ಹುಟ್ಟಿತೆಂದರೆ ಗಂಡಾಂತರ ಕಳೆಯಿತೆಂದು ಎಲ್ಲರೂ ಉಸಿರು ಬಿಡುತ್ತಾರೆ. ಮದ್ದಿನ ಲೆಕ್ಕ ಮಾತ್ರ ಆಗ ತಿರುಗಿ ಬೀಳುತ್ತದೆ. ಹೆಚ್ಚಿದ್ದ ರಕ್ತ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಏರಿಸಿದ್ದ ಮಾತ್ರೆ ಈಗ ಅತಿಯಾಗುತ್ತದೆ, ಮತ್ತೆ ಇಳಿಸಬೇಕು. ರಾತ್ರಿಯೆಲ್ಲ ಎದ್ದು ಹಾಲೂಡಿಸುವ ತಾಯಿ ಮಗುವಿನ ಗಳಿಗೆಗಳನ್ನು ನೆನಪಿಟ್ಟು ತನ್ನ ಮಾತ್ರೆಯ ಗಳಿಗೆಯನ್ನು ಮರೆಯುತ್ತಾಳೆ. ತಿರಸ್ಕಾರ ಹೆರಿಗೆಯ ನಂತರದ ತಿಂಗಳುಗಳಲ್ಲೂ ಬರುವುದುಂಟು.

ನಮ್ಮ ಬಾಣಂತನದ ಪದ್ಧತಿಗಳನ್ನು ನಾನು ಹಳಿಯುವುದಿಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ ಕೈಗಳಲ್ಲಿ ಬಹಳ ಪ್ರೀತಿಯಿದೆ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬಾಣಂತಿಯ ಕೂದಲಿಗೆ ಹೊಗೆ ಹಿಡಿಯುವುದು ಈ ತಾಯಿಗೆ ಸಲ್ಲದು. ಡಾಕ್ಟರಿಗೆ ತೋರಿಸದೆ ಕಷಾಯ, ಲೇಹ್ಯ ಕೊಡುವುದೂ ಸಲ್ಲದು. ಟ್ಯಾಕ್ರೊಲಿಮಸ್ ಎದೆಹಾಲಿಗೆ ಹೋಗುವುದು ತೀರ ಅಲ್ಪ, ಹಾಗಾಗಿ ಅದನ್ನು ನುಂಗುತ್ತಲೇ ಹಾಲೂಡಿಸಬಹುದೆಂದು ತಜ್ಞರು ಹೇಳುತ್ತಾರೆ. ಮೈಕೊಫೆನೊಲೇಟ್‌ಗೆ ಮರಳಿದರೆ ಹಾಲೂಡಿಸಬಾರದು.

ಹೌದೋ, ಅಲ್ಲವೋ

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರಿಂದ ಅಂಗ ಕಸಿಯಾದವರ ಬಸಿರುಗಳ ದಾಖಲೆ ಇಡುತ್ತಿದ್ದಾರೆ. ಅದರಲ್ಲಿ ಮೂತ್ರಪಿಂಡದವರು ಸಾವಿರಗಟ್ಟಲೆ, ಶ್ವಾಸಕೋಶದವರು ಕೆಲವೇ ಡಜನ್ನು. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಬಸಿರುಗಳು ಜೀವಂತ ಮಗುವಿನಲ್ಲಿ ಕೊನೆಗೊಂಡಿವೆ, ಬಹಳಷ್ಟು ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದ್ದಾರೆ. ಬಸಿರಿನ ಸಮಯದ ತಿರಸ್ಕಾರ ಮತ್ತು ಮುಂದಿನ ಒಂದೆರಡು ವರ್ಷದಲ್ಲಿ ಅಂಗ ಕೈಕೊಡುವುದು, ಎರಡೂ ಮೂತ್ರಪಿಂಡ-ಯಕೃತ್ತಿನವರಿಗಿಂತ ಇವರಲ್ಲಿ ಹೆಚ್ಚು. 2023ರಲ್ಲಿ ಹೃದಯ-ಶ್ವಾಸಕೋಶ ಕಸಿಯ ಅಂತಾರಾಷ್ಟ್ರೀಯ ತಜ್ಞರ ಸಂಘ ಈ ವಿಷಯದ ಮೇಲೆಯೇ ಸಲಹಾಪತ್ರ ಹೊರತಂದಿತು. ಶ್ವಾಸಕೋಶ ಕಸಿಯಾದವರು ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಆ ಹೊತ್ತಿಗೆ ಊದುವ ಅಂಕಿ ಸ್ಥಿರವಾಗಿರಬೇಕು, ಇತ್ತೀಚೆಗೆ ತಿರಸ್ಕಾರ ಆಗಿರಬಾರದು, ದಾನಿಯ ವಿರುದ್ಧದ ಪ್ರತಿಕಾಯ ಇರಬಾರದು, ಮೂತ್ರಪಿಂಡ ಚೆನ್ನಾಗಿರಬೇಕು.

ಇಷ್ಟೆಲ್ಲ ಸರಿಯಿದ್ದ ಹೆಣ್ಣುಮಗಳಿಗೆ ‘ನಿನಗೆ ಮಗುವಿನ ಆಸೆಯೇ ಬೇಡ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ‘ವಂಶಕ್ಕೊಂದು ಕುಡಿ ಬೇಡವೇ’ ಎಂದು ಮನೆಯವರು ಒತ್ತುವುದು ಅದಕ್ಕಿಂತ ದೊಡ್ಡ ಅನ್ಯಾಯ. ಸೋಲಬಹುದಾದ ಶ್ವಾಸಕೋಶ ಅವಳದು, ಅಂಕಿಗಳನ್ನೆಲ್ಲ ಅವಳ ಮುಂದಿಟ್ಟ ಮೇಲೆ ತೀರ್ಮಾನವೂ ಅವಳದೇ. ದತ್ತು ಮಗುವಿನ ದಾರಿಯನ್ನೂ ಅದೇ ಗೌರವದಿಂದ ಮುಂದಿಡಬೇಕು.

ಈ ಅಧ್ಯಾಯ ಓದಿದವರಲ್ಲಿ ಅಂಗ ಕಸಿಯಾದ ಹೆಣ್ಣುಮಗಳೋ ಅವಳ ಮನೆಯವರೋ ಇದ್ದರೆ ಒಂದು ಮಾತು. ಮುಟ್ಟು ತಪ್ಪಿದ ದಿನ, ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದ ದಿನ, ‘ಮಗುವಿಗೆ ತೊಂದರೆಯಾದೀತು’ ಎಂಬ ಹೆದರಿಕೆಯಿಂದ ಮಾತ್ರೆಗಳನ್ನೆಲ್ಲ ನೀವೇ ನಿಲ್ಲಿಸಬೇಡಿ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಕಸಿ ವೈದ್ಯರೇ ಹೇಳಬೇಕು. ಅಂದೇ, ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆಯೇ, ಅವರಿಗೆ ಫೋನ್ ಮಾಡಿ.